ಗಾಯ ಮಾಯಲು ತಲೆಬಾಗಿದರೆ ಸಾಕೇ?

2011ರ ಮೇ 17ರಂದು ಐರ್ಲೆಂಡಿನ ರಾಜಧಾನಿ ಡಬ್ಲಿನ್ನಿನ ಸ್ಮರಣೋದ್ಯಾನದಲ್ಲಿ ಬ್ರಿಟನ್ನಿನ ರಾಣಿ ಎರಡನೇ ಎಲಿಜಬೆತ್ ಅವರು ಪುಷ್ಪಚಕ್ರವೊಂದನ್ನು ಇರಿಸಿದರು. ಸ್ವಲ್ಪ ಹಿಂದೆ ಸರಿದು ಮೌನವಾಗಿ ತಲೆಬಾಗಿದರು. ಆಗ ಅವರಿಗೆ 85 ವರ್ಷ ವಯಸ್ಸು. ಆ ಉದ್ಯಾನವು ಯಾರ ಸ್ಮರಣೆಗಾಗಿ ಇದೆಯೆಂಬುದನ್ನು ತಿಳಿದವರಿಗೆ ಆ ಒಂದು ಕ್ಷಣದ ತೂಕ ಎಷ್ಟೆಂಬುದು ಅರಿವಾಗದಿರದು. ಐರ್ಲೆಂಡಿನ ಸ್ವಾತಂತ್ರ್ಯಕ್ಕಾಗಿ ಪ್ರಾಣ ತೆತ್ತವರ ನೆನಪಿಗೆ 1966ರಲ್ಲಿ ತೆರೆಯಲಾದ ಉದ್ಯಾನವದು. ಅಲ್ಲಿ ಸ್ಮರಿಸಲ್ಪಡುವವರಲ್ಲಿ ಹಲವರು ಆಕೆಯ ತಾತ ಐದನೇ ಜಾರ್ಜ್ ದೊರೆಯ ಸೈನಿಕರ ಗುಂಡಿಗೆ ಎದೆಯೊಡ್ಡಿದವರು. ಉದ್ಯಾನದ ನಡುವಿನ ಕೊಳ ಶಿಲುಬೆಯ ಆಕಾರದಲ್ಲಿದೆ. ಕೊಳದ ತಳದಲ್ಲಿ ಮುರಿದ ಆಯುಧಗಳ ಚಿತ್ರಗಳಿವೆ. ಯುದ್ಧ ಮುಗಿದ ಮೇಲೆ ಆಯುಧಗಳನ್ನು ಮುರಿದು ನೀರಿಗೆಸೆಯುವುದು ಆ ನಾಡಿನ ಪ್ರಾಚೀನರ ಪದ್ಧತಿಯಾಗಿತ್ತಂತೆ.

ಆ ಭೇಟಿಯ ಮುನ್ನ, ಭೇಟಿಯ ದಿನಗಳಲ್ಲಿ ಮತ್ತು ಅನಂತರವೂ ಐರ್ಲೆಂಡಿನಲ್ಲಿ ನಡೆದ ಚರ್ಚೆ ಸಣ್ಣದೇನಲ್ಲ. ಶತಮಾನಗಳ ಕಾಲ ನಮ್ಮನ್ನು ತುಳಿದವರ ವಾರಸುದಾರರನ್ನು ಅತಿಥಿಗಳೆಂದು ಸ್ವಾಗತಿಸಬೇಕೇ? ಕ್ಷಮೆ ಕೇಳದವರಿಗೆ ಕ್ಷಮೆ ನೀಡುವುದು ಹೇಗೆ? ಇಂದಿನ ರಾಣಿ ಅಂದಿನ ಅನ್ಯಾಯಕ್ಕೆ ಹೊಣೆಯೇ? ಹೊಣೆಯಲ್ಲವಾದರೆ ಆಕೆ ತಲೆಬಾಗುವುದಕ್ಕೆ ಅರ್ಥವೇನು? ಈ ಪ್ರಶ್ನೆಗಳು ಐರಿಷ್ ಜನರಿಗೆ ಮಾತ್ರ ಸಂಬಂಧಿಸಿದವುಗಳಲ್ಲ. ಪಾಪ, ಪಶ್ಚಾತ್ತಾಪ, ಕ್ಷಮೆ, ಪ್ರಾಯಶ್ಚಿತ್ತ ಎಂಬ ಶಬ್ದಗಳನ್ನು ಬಾಲ್ಯದಿಂದಲೇ ಕಲಿತ ನಮ್ಮ ಕುಟುಂಬಗಳಿಗೆ ಇವು ಬಹು ಸಮೀಪದ ಪ್ರಶ್ನೆಗಳು. ಆದುದರಿಂದಲೇ ಈ ವಾರ ನಾವು ಇದನ್ನು ವಾಚಕರ ಮುಂದಿಡುತ್ತಿದ್ದೇವೆ.

ಐರ್ಲೆಂಡಿನ ನೋವಿನಲ್ಲಿ ಧರ್ಮದ ಪಾಲು ದೊಡ್ಡದು. ಹದಿನೇಳು ಮತ್ತು ಹದಿನೆಂಟನೆಯ ಶತಮಾನಗಳ ದಂಡನಾ ಶಾಸನಗಳ ಕಾಲದಲ್ಲಿ ಅಲ್ಲಿಯ ಕಥೋಲಿಕರಿಗೆ ಶಾಸನಸಭೆಯ ಬಾಗಿಲು ಮುಚ್ಚಿತ್ತು. ಭೂಮಿ ಕೊಳ್ಳುವ ಹಕ್ಕಿಗೆ ತಡೆಯಿತ್ತು. ಶಾಲೆ ನಡೆಸುವುದು ಅಪರಾಧವಾಗಿತ್ತು. ಹಲವೆಡೆ ಬಯಲಿನ ಬಂಡೆಗಳನ್ನೇ ಪೀಠವಾಗಿಸಿ, ಸುತ್ತಲೂ ಕಾವಲು ನಿಲ್ಲಿಸಿ ದಿವ್ಯಬಲಿಪೂಜೆ ಅರ್ಪಿಸಬೇಕಾಗಿತ್ತು. ಆ ಬಂಡೆಗಳು ಇಂದಿಗೂ ಆ ನಾಡಿನ ಹಳ್ಳಿಗಳಲ್ಲಿ ಉಳಿದಿವೆ. ಆರ್ಮಾದ ಮಹಾಧರ್ಮಾಧ್ಯಕ್ಷರಾಗಿದ್ದ ಸಂತ ಆಲಿವರ್ ಪ್ಲಂಕೆಟರನ್ನು ಸುಳ್ಳು ಸಾಕ್ಷ್ಯದ ಆಧಾರದ ಮೇಲೆ 1681ರ ಜುಲೈ 1ರಂದು ಲಂಡನ್ನಿನಲ್ಲಿ ಗಲ್ಲಿಗೇರಿಸಲಾಯಿತು. ಗಲ್ಲುಗಂಬದ ಬಳಿ ನಿಂತು ಅವರು ತಮ್ಮ ವಿರುದ್ಧ ಸುಳ್ಳಾಡಿದವರನ್ನು ಕ್ಷಮಿಸಿದರು. 1975ರಲ್ಲಿ ಧರ್ಮಸಭೆ ಅವರನ್ನು ಸಂತ ಪದವಿಗೇರಿಸಿತು.

ಇಂಥ ನಾಡಿಗೆ ಬ್ರಿಟಿಷ್ ದೊರೆಗಳು ಕಾಲಕಾಲಕ್ಕೆ ಬಂದು ಹೋದದ್ದುಂಟು. ಆ ಭೇಟಿಗಳ ಚರಿತ್ರೆಯೇ ಒಂದು ಪಾಠ. 1821ರಲ್ಲಿ ನಾಲ್ಕನೇ ಜಾರ್ಜ್ ಬಂದಾಗ ಕಥೋಲಿಕರ ಮುಖಂಡ ಡೇನಿಯಲ್ ಓಕಾನೆಲರೇ ಮುಂದೆ ನಿಂತು ಅವನಿಗೆ ಪತ್ರಮಾಲೆಯ ಕಿರೀಟವನ್ನು ಅರ್ಪಿಸಿದರು. ದೊರೆ ಸಂತೋಷದಿಂದ ಮರಳಿದ. ಆದರೆ ಕಥೋಲಿಕರಿಗೆ ಶಾಸನಸಭೆಯ ಬಾಗಿಲು ತೆರೆಯುವ ಮಾತು ಬಂದಾಗ ಕಡೆಯವರೆಗೂ ವಿರೋಧಿಸಿದವನು ಆತನೇ. 1829ರಲ್ಲಿ ಆ ಶಾಸನವನ್ನು ದೊರೆಯ ಮನಸ್ಸಿಗೆ ವಿರುದ್ಧವಾಗಿ ಹಾಯಿಸಿದ ಪ್ರಧಾನಿ ಡಬ್ಲಿನ್ನಿನಲ್ಲಿ ಹುಟ್ಟಿದ ವೆಲಿಂಗ್ಟನ್ ಡ್ಯೂಕ್. ಇದೇ ಆರ್ಥರ್ ವೆಲ್ಲೆಸ್ಲಿ 1799ರಲ್ಲಿ ನಮ್ಮ ಶ್ರೀರಂಗಪಟ್ಟಣ ಬಿದ್ದ ಬಳಿಕ ಅದರ ಆಡಳಿತ ವಹಿಸಿಕೊಂಡ ಸೇನಾನಿ ಎಂಬುದನ್ನು ನಮ್ಮ ವಾಚಕರು ಬಲ್ಲರು. ಒಂದೇ ಸಾಮ್ರಾಜ್ಯದ ನೆರಳು ಅಲ್ಲಿಯೂ ಇಲ್ಲಿಯೂ ಬಿದ್ದಿತ್ತು.

1845ರಲ್ಲಿ ಆಲೂಗಡ್ಡೆಯ ಬೆಳೆಗೆ ರೋಗ ತಗುಲಿತು. ಅದನ್ನೇ ನಂಬಿದ್ದ ಬಡವರು ಹಸಿವಿನಿಂದಲೂ ಹಸಿವಿನ ಬೆನ್ನಿಗೆ ಬಂದ ಜ್ವರಗಳಿಂದಲೂ ಸತ್ತರು. ಏಳು ವರ್ಷಗಳಲ್ಲಿ ಸುಮಾರು ಹತ್ತು ಲಕ್ಷ ಜನ ಮಡಿದರು. ಅದಕ್ಕೂ ಹೆಚ್ಚು ಜನ ಹಡಗು ಹತ್ತಿ ದೇಶ ಬಿಟ್ಟರು. 1841ರಲ್ಲಿ 81 ಲಕ್ಷಕ್ಕೂ ಮಿಗಿಲಾಗಿದ್ದ ದ್ವೀಪದ ಜನಸಂಖ್ಯೆ 1851ರಲ್ಲಿ 65 ಲಕ್ಷದ ಆಸುಪಾಸಿಗೆ ಇಳಿಯಿತು. ಇಂದಿಗೂ ಅದು 1841ರ ಮಟ್ಟವನ್ನು ಮುಟ್ಟಿಲ್ಲ. ರೋಗ ಪ್ರಕೃತಿಯದು, ನಿಜ. ಆದರೆ ಕ್ಷಾಮದ ನಡುವೆಯೂ ಧಾನ್ಯ ಮತ್ತು ಜಾನುವಾರುಗಳು ಐರ್ಲೆಂಡಿನ ಬಂದರುಗಳಿಂದ ಹೊರಗೆ ಹೋಗುತ್ತಿದ್ದವು. ಬಾಡಿಗೆ ಕೊಡಲಾರದ ಒಕ್ಕಲುಗಳನ್ನು ಜಮೀನ್ದಾರರು ಮನೆ ಕೆಡವಿ ಹೊರದೂಡುತ್ತಿದ್ದರು. ಪರಿಹಾರದ ಹೊಣೆ ಹೊತ್ತ ಲಂಡನ್ನಿನ ಅಧಿಕಾರಿ ಚಾರ್ಲ್ಸ್ ಟ್ರೆವೆಲ್ಯಾನ್ ಈ ವಿಪತ್ತಿನಲ್ಲಿ ದೈವಸಂಕಲ್ಪವನ್ನು ಕಂಡು ಕೈ ಬಿಗಿಹಿಡಿದ. ಅವನೇ ಮುಂದೆ ಮದರಾಸಿನ ಗವರ್ನರನಾಗಿ ನಮ್ಮ ದೇಶಕ್ಕೂ ಬಂದ. ಮಾನವ ನಿರ್ದಯತೆಗೆ ದೇವರ ಹೆಸರನ್ನು ಹಚ್ಚುವುದಕ್ಕಿಂತ ದೊಡ್ಡ ದೇವನಿಂದೆ ಬೇರೊಂದಿಲ್ಲವೆಂದು ನಾವು ಭಾವಿಸುತ್ತೇವೆ. ಅದೇ ಕಾಲದಲ್ಲಿ, 1846ರ ಆರಂಭದಲ್ಲಿಯೇ, ನಮ್ಮ ಕಲ್ಕತ್ತೆಯಿಂದ ಐರಿಷ್ ಸಿಪಾಯಿಗಳೂ ಇತರರೂ ಕೂಡಿಸಿದ ಸಹಾಯಧನ ಐರ್ಲೆಂಡಿಗೆ ಹೋಯಿತೆಂಬುದೂ ಸ್ಮರಣೀಯ.

ಕ್ಷಾಮ ಇನ್ನೂ ಮುಗಿಯದಿದ್ದ 1849ರಲ್ಲಿ ವಿಕ್ಟೋರಿಯಾ ರಾಣಿ ಐರ್ಲೆಂಡಿಗೆ ಬಂದಳು. ಆಕೆ ಕಾಲಿಟ್ಟ ಕೋವ್ ಬಂದರಿಗೆ ರಾಣಿಯ ಪಟ್ಟಣ ಎಂದೇ ಹೆಸರಿಟ್ಟರು. ಜನ ಹರ್ಷೋದ್ಗಾರ ಮಾಡಿದರೆಂದು ಅಂದಿನ ವರದಿಗಳು ಹೇಳುತ್ತವೆ. ಆದರೆ 1900ರಲ್ಲಿ ಆಕೆ ಮುದುಕಿಯಾಗಿ ಮತ್ತೊಮ್ಮೆ ಬಂದಾಗ ದೇಶಾಭಿಮಾನಿಗಳು ಅವಳನ್ನು ಕ್ಷಾಮದ ರಾಣಿ ಎಂದು ಕರೆದರು. ಹಾಗೆ ಬರೆದ ಪತ್ರಿಕೆಯನ್ನು ಸರಕಾರ ಮುಟ್ಟುಗೋಲು ಹಾಕಿತು. ಬರಗಾಲಕ್ಕೆ ರಾಣಿ ಕೇವಲ ಐದು ಪೌಂಡು ಕೊಟ್ಟಳೆಂಬ ಮಾತು ಇಂದಿಗೂ ಜನರ ಬಾಯಲ್ಲಿದೆ. ಅದು ಸತ್ಯವಲ್ಲ, ಆಕೆ ಕೊಟ್ಟದ್ದು ಎರಡು ಸಾವಿರ ಪೌಂಡು. ನಮ್ಮ ದುಃಖವನ್ನು ಹೇಳುವಾಗಲೂ ಲೆಕ್ಕ ತಪ್ಪಬಾರದು. ಸತ್ಯವೇ ಸಾಕಷ್ಟು ಘೋರವಾಗಿರುವಾಗ ಅದಕ್ಕೆ ಸುಳ್ಳಿನ ಒಗ್ಗರಣೆ ಬೇಕಾಗಿಲ್ಲ.

1903ರಲ್ಲಿ ಏಳನೇ ಎಡ್ವರ್ಡ್ ಬಂದಾಗ ಡಬ್ಲಿನ್ ನಗರಸಭೆ ಅವನಿಗೆ ಬಿನ್ನವತ್ತಳೆ ಅರ್ಪಿಸಲು ಒಪ್ಪಲಿಲ್ಲ. ಎರಡು ವರ್ಷಗಳ ಹಿಂದೆ ಪಟ್ಟವೇರುವಾಗ ಈತ ಅಂದಿನ ಶಾಸನದಂತೆ ದಿವ್ಯಬಲಿಪೂಜೆಯನ್ನೂ ಮಾತೆ ಮರಿಯಳ ಭಕ್ತಿಯನ್ನೂ ಮೂಢನಂಬಿಕೆ, ವಿಗ್ರಹಾರಾಧನೆ ಎಂದು ಹಳಿಯುವ ಘೋಷಣೆಯನ್ನು ಓದಬೇಕಾಗಿತ್ತು. ಅದೇ ಎಡ್ವರ್ಡ್ 1903ರ ಏಪ್ರಿಲಿನಲ್ಲಿ ರೋಮಿಗೆ ಹೋಗಿ ಜಗದ್ಗುರು ಹದಿಮೂರನೇ ಲಿಯೋ ಅವರನ್ನು ಕಂಡು ಬಂದಿದ್ದ. ಜುಲೈಯಲ್ಲಿ ಅವನು ಐರ್ಲೆಂಡಿಗೆ ಬರುವ ಮುನ್ನಾದಿನ ಜಗದ್ಗುರುಗಳು ದೈವಾಧೀನರಾದರು. ದೊರೆ ಜನರ ಮುಂದೆ ಸಂತಾಪ ಸೂಚಿಸಿದ. ಗುರುಗಳನ್ನು ತಯಾರುಗೊಳಿಸುವ ಮೇನೂತ್ ಗುರುಮಠಕ್ಕೂ ಭೇಟಿಯಿತ್ತ. ಆ ಅವಮಾನಕರ ಘೋಷಣೆಯ ಮಾತುಗಳು ಬದಲಾದದ್ದು 1910ರಲ್ಲಿ, ಅವನ ಮಗ ಐದನೇ ಜಾರ್ಜನ ಕಾಲಕ್ಕೆ. ಹೊಸ ದೊರೆ 1911ರ ಜುಲೈಯಲ್ಲಿ ಡಬ್ಲಿನ್ನಿಗೆ ಬಂದುಹೋದ. ಅದೇ ಕೊನೆ. ಮುಂದೆ ನೂರು ವರ್ಷ ಯಾವ ಬ್ರಿಟಿಷ್ ದೊರೆಯೂ ಆ ನೆಲದ ಮೇಲೆ ಕಾಲಿಡಲಿಲ್ಲ.

ಆ ನೂರು ವರ್ಷಗಳಲ್ಲಿ ನಡೆದುದೇನು? 1916ರ ಪಾಸ್ಖ ಹಬ್ಬದ ಸೋಮವಾರ ಡಬ್ಲಿನ್ನಿನಲ್ಲಿ ದಂಗೆ ಎದ್ದಿತು. ಅದು ಅಡಗಿದ ಮೇಲೆ ಹದಿನಾರು ಜನರಿಗೆ ಮರಣದಂಡನೆಯಾಯಿತು. ಕಪುಚಿನ್ ಸಭೆಯ ಗುರುಗಳು ಸೆರೆಮನೆಗೆ ಹೋಗಿ ಅವರ ಪಾಪನಿವೇದನೆ ಕೇಳಿ ಪರಮಪ್ರಸಾದ ನೀಡಿದರು. ಗಾಯಗೊಂಡು ನಿಲ್ಲಲಾರದೆ ಕುರ್ಚಿಗೆ ಕಟ್ಟಿಸಿಕೊಂಡು ಸತ್ತ ಜೇಮ್ಸ್ ಕಾನಲಿಯವರನ್ನು ಅಂತಹ ಗುರುಗಳೊಬ್ಬರು, ನಿನಗೆ ಗುಂಡಿಕ್ಕುವವರಿಗಾಗಿ ಪ್ರಾರ್ಥಿಸುವೆಯಾ ಎಂದು ಕೇಳಿದಾಗ, ತಮ್ಮ ಕರ್ತವ್ಯ ಮಾಡುವ ಎಲ್ಲ ಶೂರರಿಗಾಗಿಯೂ ಪ್ರಾರ್ಥಿಸುವೆನೆಂದು ಅವರು ಉತ್ತರಿಸಿದರಂತೆ. 1920ರ ನವೆಂಬರ್ 21ರ ಭಾನುವಾರ ಬೆಳಿಗ್ಗೆ ಐರಿಷ್ ಕ್ರಾಂತಿಕಾರರು ಬ್ರಿಟಿಷ್ ಗುಪ್ತಚರರನ್ನು ಮನೆಮನೆಗೆ ಹೊಕ್ಕು ಕೊಂದರು. ಅದೇ ಮಧ್ಯಾಹ್ನ ಸರಕಾರಿ ಪಡೆಗಳು ಕ್ರೋಕ್ ಪಾರ್ಕ್ ಮೈದಾನಕ್ಕೆ ನುಗ್ಗಿ ಫುಟ್ಬಾಲ್ ನೋಡುತ್ತಿದ್ದ ಜನರ ಮೇಲೆ ಗುಂಡು ಹಾರಿಸಿದವು. ಮಕ್ಕಳೂ ಒಬ್ಬ ಆಟಗಾರನೂ ಸೇರಿ ಹದಿನಾಲ್ಕು ಜನ ಸತ್ತರು. ದೇಶ ಎರಡಾಯಿತು; ಉತ್ತರದ ಆರು ಜಿಲ್ಲೆಗಳು ಬ್ರಿಟನ್ನಿನಲ್ಲಿಯೇ ಉಳಿದವು. ಅಲ್ಲಿಯ ಕಥೋಲಿಕ ಅಲ್ಪಸಂಖ್ಯಾತರು ಮನೆ, ಉದ್ಯೋಗ, ಮತದಾನಗಳಲ್ಲಿ ತಾರತಮ್ಯ ಅನುಭವಿಸಿದರು. ಅದರ ವಿರುದ್ಧದ ಚಳವಳಿ 1969ರ ವೇಳೆಗೆ ರಕ್ತಪಾತಕ್ಕೆ ತಿರುಗಿತು. 1998ರ ಶುಭ ಶುಕ್ರವಾರದ ಒಪ್ಪಂದದವರೆಗೆ 3,500ರಷ್ಟು ಜನ ಬಲಿಯಾದರು.

ಇಲ್ಲೊಂದು ಮಾತನ್ನು ಮುಚ್ಚಿಡಬಾರದು. ಆ ಸಾವುಗಳಲ್ಲಿ ಅರ್ಧಕ್ಕೂ ಹೆಚ್ಚಿನವು ಕಥೋಲಿಕರೆನಿಸಿಕೊಂಡವರೇ ಹೆಚ್ಚಾಗಿದ್ದ ಐ.ಆರ್.ಎ. ಮುಂತಾದ ಸಶಸ್ತ್ರ ಗುಂಪುಗಳ ಕೈಯಿಂದ ಆದವು. 1979ರ ಆಗಸ್ಟ್ 27ರಂದು ಸ್ಲೈಗೋ ಜಿಲ್ಲೆಯ ಮುಲ್ಲಾಮೋರ್ ಎಂಬಲ್ಲಿ ಲಾರ್ಡ್ ಮೌಂಟ್‌ಬ್ಯಾಟನ್ನರ ದೋಣಿಯನ್ನು ಬಾಂಬಿಟ್ಟು ಉಡಾಯಿಸಿದವರು ಅವರೇ. ಭಾರತದ ಕೊನೆಯ ವೈಸರಾಯ್, ಸ್ವತಂತ್ರ ಭಾರತದ ಮೊದಲ ಗವರ್ನರ್ ಜನರಲ್ ಆಗಿದ್ದ ಆ ಮುದುಕನೊಡನೆ 14 ವರ್ಷದ ಮೊಮ್ಮಗನೂ, ದೋಣಿಯ ಕೆಲಸಕ್ಕಿದ್ದ 15 ವರ್ಷದ ಬಾಲಕನೂ ಸತ್ತರು. ಅಳಿಯನ ವೃದ್ಧ ತಾಯಿ ಮರುದಿನ ತೀರಿಕೊಂಡರು. ಒಂದು ತಿಂಗಳ ಬಳಿಕ ಐರ್ಲೆಂಡಿಗೆ ಬಂದ ಜಗದ್ಗುರು ಎರಡನೇ ಜಾನ್ ಪೌಲರು ದ್ರೋಹೆಡಾ ನಗರದಲ್ಲಿ, ಅಂದರೆ 1649ರಲ್ಲಿ ಕ್ರಾಮ್‌ವೆಲ್ಲನು ಕಗ್ಗೊಲೆ ನಡೆಸಿದ ಊರಿನಲ್ಲಿಯೇ, ಹಿಂಸೆಯ ದಾರಿಯನ್ನು ಬಿಡಿರೆಂದು ಮಂಡಿಯೂರಿ ಬೇಡುವೆನೆಂದು ಮೊರೆಯಿಟ್ಟರು. ಅವರ ಮಾತನ್ನು ಬಂದೂಕು ಹಿಡಿದವರು ಆಗ ಕೇಳಲಿಲ್ಲ. ಕೇಳಲು ಇನ್ನೂ ಎರಡು ದಶಕ ಹಿಡಿಯಿತು.

ಇಷ್ಟೆಲ್ಲ ಹಿನ್ನೆಲೆಯಿರುವಾಗ 2011ರಲ್ಲಿ ರಾಷ್ಟ್ರಾಧ್ಯಕ್ಷೆ ಮೇರಿ ಮ್ಯಾಕಲೀಸ್ ಅವರು ರಾಣಿಯನ್ನು ಆಹ್ವಾನಿಸಿದಾಗ ವಿವಾದವೆದ್ದುದರಲ್ಲಿ ಆಶ್ಚರ್ಯವಿಲ್ಲ. ಮ್ಯಾಕಲೀಸ್ ಅವರೇ ಬೆಲ್‌ಫಾಸ್ಟಿನ ಕಥೋಲಿಕ ಕುಟುಂಬದ ಮಗಳು. ಗಲಭೆಗಳಲ್ಲಿ ಅವರ ಮನೆಯವರು ಊರ ಮನೆಯನ್ನು ತೊರೆಯಬೇಕಾಗಿ ಬಂದಿತ್ತು. ವಿರೋಧಿಸಿದವರ ವಾದಗಳನ್ನು ಹಗುರವಾಗಿ ತಳ್ಳಿಹಾಕಲಾಗದು. ದೇಶ ಇನ್ನೂ ಒಂದಾಗಿಲ್ಲ, ಆದುದರಿಂದ ಈ ಭೇಟಿ ಅಕಾಲಿಕ ಎಂದು ಶಿನ್ ಫೇನ್ ಪಕ್ಷ ಹೇಳಿತು. ಹಿಂದಿನ ವರ್ಷವಷ್ಟೇ ದೇಶ ದಿವಾಳಿಯ ಅಂಚಿಗೆ ಬಂದು ಪರರ ಸಾಲಕ್ಕೆ ಕೈಯೊಡ್ಡಿರುವಾಗ ಸಾವಿರಾರು ಪೊಲೀಸರ ಕಾವಲಿಗೆ ಹಣವೆಲ್ಲಿಂದ ಎಂದು ಇನ್ನು ಕೆಲವರು ಕೇಳಿದರು. ಎಲ್ಲಕ್ಕಿಂತ ಮನಕಲಕುವ ಮಾತು ಬಂದದ್ದು 1974ರ ಬಾಂಬ್ ಸ್ಫೋಟಗಳಲ್ಲಿ ತಮ್ಮವರನ್ನು ಕಳೆದುಕೊಂಡ ಕುಟುಂಬಗಳಿಂದ. ಡಬ್ಲಿನ್ ಮತ್ತು ಮೊನಾಹನ್‌ಗಳಲ್ಲಿ ಒಂದೇ ದಿನ ಸಿಡಿದ ಬಾಂಬುಗಳಿಗೆ 33 ಜನರೂ ತಾಯಿಯ ಗರ್ಭದಲ್ಲಿದ್ದ ತುಂಬು ತಿಂಗಳ ಒಂದು ಶಿಶುವೂ ಬಲಿಯಾಗಿದ್ದವು. ಯಾರಿಗೂ ಶಿಕ್ಷೆಯಾಗಿಲ್ಲ. ಆ ದಿನ ಮೇ 17. ರಾಣಿಯ ವಿಮಾನ ಇಳಿದದ್ದೂ ಮೇ 17ರಂದೇ. ಬ್ರಿಟಿಷ್ ಸರಕಾರದ ಬಳಿಯಿರುವ ಕಡತಗಳನ್ನು ತೆರೆಯಿಸಿರೆಂಬುದಷ್ಟೇ ಆ ಕುಟುಂಬಗಳ ಬೇಡಿಕೆ. ಐರಿಷ್ ಶಾಸನಸಭೆಯೂ 2008ರಲ್ಲಿ ಮತ್ತು ಅದೇ 2011ರಲ್ಲಿ ಒಮ್ಮತದಿಂದ ಅದನ್ನೇ ಕೇಳಿತ್ತು.

ಭೇಟಿ ನಡೆಯಿತು. ಬಿಗಿ ಪಹರೆಯಿಂದಾಗಿ ಡಬ್ಲಿನ್ನಿನ ಬೀದಿಗಳು ಬರಿದಾಗಿದ್ದವು. ಎರಡನೆಯ ದಿನ ರಾಣಿ ಐಲೆಂಡ್‌ಬ್ರಿಡ್ಜಿನ ಯುದ್ಧಸ್ಮಾರಕಕ್ಕೆ ಹೋದರು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸಮವಸ್ತ್ರ ತೊಟ್ಟು ಸತ್ತ 49,400 ಐರಿಷ್ ಸೈನಿಕರ ಸ್ಮಾರಕವದು. ನಮ್ಮ ಹೊಸದಿಲ್ಲಿಯ ಇಂಡಿಯಾ ಗೇಟನ್ನು ರೂಪಿಸಿದ ಲುಟ್ಯೆನ್ಸನೇ ಅದನ್ನೂ ರೂಪಿಸಿದವನು. ಪರರಿಗಾಗಿ ಹೋರಾಡಿದವರೆಂದು ಸ್ವತಂತ್ರ ಐರ್ಲೆಂಡ್ ಅವರನ್ನು ದಶಕಗಳ ಕಾಲ ಮರೆತಿತ್ತು, ಸ್ಮಾರಕ ಪಾಳುಬಿದ್ದಿತ್ತು. ಅಂದು ಮಧ್ಯಾಹ್ನ ರಾಣಿ ಕ್ರೋಕ್ ಪಾರ್ಕಿನ ಅದೇ ಮೈದಾನಕ್ಕೆ ಕಾಲಿಟ್ಟರು. ರಾತ್ರಿ ಡಬ್ಲಿನ್ ಕೋಟೆಯ ಔತಣದಲ್ಲಿ ತಮ್ಮ ಭಾಷಣವನ್ನು ಐರಿಷ್ ಭಾಷೆಯ ಸಂಬೋಧನೆಯಿಂದ ಆರಂಭಿಸಿದರು. ಹಿಂದಿರುಗಿ ನೋಡಿದಾಗ ಕೆಲವು ಸಂಗತಿಗಳು ಬೇರೆ ರೀತಿಯಲ್ಲಿ ನಡೆಯಬೇಕಿತ್ತು ಅಥವಾ ನಡೆಯಲೇಬಾರದಿತ್ತು ಎಂದು ಅನ್ನಿಸುತ್ತದೆ ಎಂಬ ಅರ್ಥದ ಮಾತನಾಡಿದರು. ಕ್ಷಮಿಸಿ ಎಂಬ ಶಬ್ದ ಅದರಲ್ಲಿರಲಿಲ್ಲ. ಕೊನೆಯ ದಿನ ಟಿಪ್ಪರೇರಿ ಜಿಲ್ಲೆಯ ಕ್ಯಾಶೆಲ್ ಪಟ್ಟಣದಲ್ಲಿ ಅಲ್ಲಿಯ ಮೇಯರ್ ಮೈಕೆಲ್ ಬ್ರೌನ್ ಆಕೆಯ ಕೈಕುಲುಕಿ ಸ್ವಾಗತಿಸಿದರು. ಅವರು ಶಿನ್ ಫೇನ್ ಪಕ್ಷದವರು. ಪಕ್ಷದ ನಿಲುವಿಗೆ ವಿರುದ್ಧವಾಗಿ ನಡೆದರು. ಕ್ಯಾನ್ಸರಿನಿಂದ ಬಳಲುತ್ತಿದ್ದ ಅವರು ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು.

ಸಾವಿನ ಸಮೀಪದಲ್ಲಿದ್ದ ಆ ಒಬ್ಬ ಮನುಷ್ಯನ ಕೈ ತೆರೆದ ಬಾಗಿಲಿನಿಂದ ಮುಂದೆ ಪಕ್ಷವೇ ನಡೆದುಹೋಯಿತು. 2012ರ ಜೂನ್ 27ರಂದು ಬೆಲ್‌ಫಾಸ್ಟಿನಲ್ಲಿ, ಹಿಂದೆ ಐ.ಆರ್.ಎ. ನಾಯಕರಾಗಿದ್ದ ಮಾರ್ಟಿನ್ ಮ್ಯಾಕ್‌ಗಿನ್ನೆಸ್ ರಾಣಿಯ ಕೈಕುಲುಕಿದರು. 2014ರಲ್ಲಿ ಐರಿಷ್ ರಾಷ್ಟ್ರಾಧ್ಯಕ್ಷ ಮೈಕೆಲ್ ಹಿಗ್ಗಿನ್ಸ್ ಮೊದಲ ಬಾರಿಗೆ ಬ್ರಿಟನ್ನಿಗೆ ರಾಜಮರ್ಯಾದೆಯ ಭೇಟಿ ನೀಡಿದರು. 2015ರ ಮೇ ತಿಂಗಳಲ್ಲಿ ಯುವರಾಜರಾಗಿದ್ದ ಚಾರ್ಲ್ಸ್ ತಮ್ಮ ಪ್ರೀತಿಯ ಮೌಂಟ್‌ಬ್ಯಾಟನ್ ಸತ್ತ ಮುಲ್ಲಾಮೋರಿನ ದಂಡೆಯಲ್ಲಿ ನಿಂತರು. ಅದರ ಮುನ್ನಾದಿನ ಅವರು ಶಿನ್ ಫೇನ್ ನಾಯಕ ಜೆರ್ರಿ ಆಡಮ್ಸರ ಕೈಕುಲುಕಿದ್ದರು. ತನ್ನ ಈ ನಷ್ಟದಿಂದಲೇ ಆ ದ್ವೀಪಗಳ ಇತರ ಎಷ್ಟೋ ಜನರ ಸಂಕಟ ತನಗೆ ಅರ್ಥವಾಯಿತೆಂದು ಅವರು ಹೇಳಿದರು. ಅವರು 2022ರಲ್ಲಿ ಪಟ್ಟವೇರಿದರು. 2023ರ ಮೇಯಲ್ಲಿ ನಡೆದ ಕಿರೀಟಧಾರಣೆಗೆ ಶಿನ್ ಫೇನ್ ಪಕ್ಷದ ಮಿಶೆಲ್ ಓನೀಲ್ ಹಾಜರಿದ್ದರು.

ಹಾಗಾದರೆ ಕೇಳಿದ ಪ್ರಶ್ನೆಗೆ ಉತ್ತರವೇನು? ನಮ್ಮ ಧರ್ಮಸಭೆಯ ಸಂಧಾನ ಸಂಸ್ಕಾರ ಇಲ್ಲಿ ನಮಗೆ ದಾರಿ ತೋರುತ್ತದೆ. ಪಾಪಿಯಿಂದ ಅದು ಮೂರನ್ನು ಕೇಳುತ್ತದೆ: ಮನಃಪೂರ್ವಕ ದುಃಖ, ಬಾಯಿಬಿಟ್ಟು ನಿವೇದನೆ, ಆದ ಹಾನಿಗೆ ಪ್ರಾಯಶ್ಚಿತ್ತ. ಸ್ಮರಣೋದ್ಯಾನದಲ್ಲಿ ಬಾಗಿದ ತಲೆ ದುಃಖದ ಗುರುತು. ಅದು ಕಡಿಮೆಯದಲ್ಲ. ನೂರು ವರ್ಷ ಯಾರೂ ಮಾಡದ ಕೆಲಸವದು. ಆದರೆ ನಿವೇದನೆ ಎಂದರೆ ಇಂಥ ದಿನ, ಇಂಥವರಿಗೆ, ಇಂಥ ತಪ್ಪು ಮಾಡಿದೆವು ಎಂದು ಹೆಸರಿಟ್ಟು ಹೇಳುವುದು. ಅದು ರಾಣಿಯ ಕೈಯಲ್ಲಿರಲಿಲ್ಲ. ಬ್ರಿಟನ್ನಿನ ರಾಜ್ಯಪದ್ಧತಿಯಲ್ಲಿ ರಾಜಪೀಠದಲ್ಲಿರುವವರು ಇಂಥ ಸಂದರ್ಭಗಳಲ್ಲಿ ಮಂತ್ರಿಗಳ ಸಲಹೆಯಂತೆಯೇ ಮಾತನಾಡಬೇಕು. ಕಡತಗಳ ಬೀಗದ ಕೈ ಮಂತ್ರಿಗಳ ಬಳಿಯಿದೆ, ಅರಮನೆಯಲ್ಲಿಲ್ಲ. ಆದುದರಿಂದ ರಾಣಿ ಬಾಗಿದರು, ಇನ್ನೇನು ಬೇಕು ಎಂದು ಸರಕಾರ ಕೈ ತೊಳೆದುಕೊಳ್ಳುವುದಾದರೆ ಅದು ಪಿಲಾತನ ನ್ಯಾಯವಾದೀತು.

ನಿವೇದನೆಗೆ ಎಷ್ಟು ಶಕ್ತಿಯಿದೆ ಎಂಬುದಕ್ಕೆ ಡೆರಿ ನಗರವೇ ಸಾಕ್ಷಿ. ಅಲ್ಲಿ 1972ರ ಜನವರಿ 30ರಂದು ನಾಗರಿಕ ಹಕ್ಕುಗಳ ಮೆರವಣಿಗೆಯ ಮೇಲೆ ಬ್ರಿಟಿಷ್ ಸೈನಿಕರು ಗುಂಡು ಹಾರಿಸಿ ಹದಿಮೂರು ಜನರನ್ನು ಕೊಂದರು. ಸತ್ತವರ ಮೇಲೆಯೇ ಸಂದೇಹದ ಮಸಿ ಬಳಿದ ತನಿಖೆಯೊಂದು ಅದೇ ವರ್ಷ ಮುಗಿಯಿತು. ಹನ್ನೆರಡು ವರ್ಷ ನಡೆದ ಎರಡನೆಯ ತನಿಖೆಯ ವರದಿ 2010ರ ಜೂನಿನಲ್ಲಿ ಹೊರಬಂದು, ಸತ್ತವರು ನಿರಪರಾಧಿಗಳೆಂದು ಸಾರಿತು. ಪ್ರಧಾನಿ ಡೇವಿಡ್ ಕ್ಯಾಮರೂನ್ ಸಂಸತ್ತಿನಲ್ಲಿ ನಿಂತು ದೇಶದ ಪರವಾಗಿ ಕ್ಷಮೆ ಕೇಳಿದರು. ಡೆರಿಯ ಚೌಕದಲ್ಲಿ ನೆರೆದ ಜನ ಹರ್ಷದಿಂದ ಅತ್ತರು. ರಾಣಿಯ ಭೇಟಿ ಸಾಧ್ಯವಾದದ್ದು ಇದಾದ ಹನ್ನೊಂದು ತಿಂಗಳಿಗೆ. ಮೊದಲು ಸತ್ಯ, ಬಳಿಕ ಕೈಕುಲುಕು. ಈ ಕ್ರಮವನ್ನು ತಿರುವುಮುರುವು ಮಾಡಿದರೆ ಸಂಧಾನವು ನಾಟಕವಾಗುತ್ತದೆ. 1997ರಲ್ಲಿ ಕ್ಷಾಮದ ಕುರಿತು ಪ್ರಧಾನಿ ಟೋನಿ ಬ್ಲೇರ್ ಹೆಸರಿನಲ್ಲಿ ಓದಲಾದ ಸಂದೇಶವನ್ನು ಜಗತ್ತು ಮೆಚ್ಚಿತ್ತು. ಅದನ್ನು ಬರೆದವರು ಅವರ ಸಹಾಯಕರು, ಅದು ಅವರ ಒಪ್ಪಿಗೆಗೆ ಹೋಗಿಯೇ ಇರಲಿಲ್ಲವೆಂಬುದು 2021ರಲ್ಲಿ ತೆರೆದ ದಾಖಲೆಗಳಿಂದ ತಿಳಿಯಿತು. ಪರರ ಕೈಯಿಂದ ಮಾಡಿಸಿದ ಪಾಪನಿವೇದನೆ ಯಾವ ಗುರುಗಳ ಮುಂದೆ ನಡೆದೀತು?

2025ರ ಅಕ್ಟೋಬರ್ 23ರಂದು ಎರಡು ಘಟನೆಗಳು ನಡೆದವು. ರೋಮಿನ ಸಿಸ್ಟೈನ್ ಪೂಜಾಲಯದಲ್ಲಿ ಮೂರನೇ ಚಾರ್ಲ್ಸ್ ದೊರೆ ಜಗದ್ಗುರು ಹದಿನಾಲ್ಕನೇ ಲಿಯೋ ಅವರೊಡನೆ ಪ್ರಾರ್ಥಿಸಿದರು. ಇಂಗ್ಲೆಂಡ್ ರೋಮಿನಿಂದ ಬೇರ್ಪಟ್ಟ ಬಳಿಕ ಐದು ಶತಮಾನಗಳಲ್ಲಿ ಹೀಗೆ ನಡೆದದ್ದು ಅದೇ ಮೊದಲು. ಸಂತ ಆಲಿವರ್ ಪ್ಲಂಕೆಟರು ಸ್ವರ್ಗದಿಂದ ಅದನ್ನು ಕಂಡು ಸಂತೋಷಪಟ್ಟಿರಬೇಕೆಂದು ನಾವು ನಂಬುತ್ತೇವೆ. ಅದೇ ದಿನ ಬೆಲ್‌ಫಾಸ್ಟಿನ ನ್ಯಾಯಾಲಯವೊಂದು ಡೆರಿಯ ಕೊಲೆಗಳಿಗಾಗಿ ವಿಚಾರಣೆಗೊಳಗಾದ ಒಬ್ಬನೇ ಸೈನಿಕನನ್ನು ಬಿಡುಗಡೆ ಮಾಡಿತು. ಓಡುತ್ತಿದ್ದ ನಿರಾಯುಧರ ಮೇಲೆ ಸೈನಿಕರು ಗುಂಡು ಹಾರಿಸಿದ್ದು ನಿಜವೆಂದು ಒಪ್ಪಿದ ನ್ಯಾಯಾಧೀಶರು, ಆತನನ್ನು ಶಿಕ್ಷಿಸಲು ಬೇಕಾದಷ್ಟು ಪುರಾವೆ ಇಲ್ಲವೆಂದರು. ಅವರು ಕಾನೂನಿನಂತೆ ನಡೆದರು; ಅವರನ್ನು ದೂರಲಾರೆವು. ದೂರಬೇಕಾದುದು ಐವತ್ತಮೂರು ವರ್ಷಗಳ ವಿಳಂಬವನ್ನು. 2023ರಲ್ಲಿ ಬ್ರಿಟಿಷ್ ಸಂಸತ್ತು ಹಳೆಯ ಸಾವುಗಳ ವಿಚಾರಣೆಗಳಿಗೆ ಮಂಗಳ ಹಾಡುವ ಶಾಸನ ಮಾಡಿತು. 2024ರ ಜನವರಿಯಲ್ಲಿ ಐರಿಷ್ ಸರಕಾರ ಅದರ ವಿರುದ್ಧ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದ ಮೆಟ್ಟಿಲೇರಿತು. 2025ರ ಸೆಪ್ಟೆಂಬರಿನಲ್ಲಿ ಎರಡೂ ಸರಕಾರಗಳು ಹೊಸ ವ್ಯವಸ್ಥೆಯೊಂದಕ್ಕೆ ಒಪ್ಪಿದವು. ಅದು ಕಾಗದದಲ್ಲಿ ಉಳಿಯದೆ ಕಡತಗಳನ್ನು ತೆರೆಯಲೆಂಬುದು ನಮ್ಮ ಆಶಯ.

ಇನ್ನು ನಮ್ಮ ಕಡೆಗೆ ನೋಡಿಕೊಳ್ಳಬೇಕಾದ ಮಾತು. ನೊಂದವರೆಲ್ಲ ನಿರ್ದೋಷಿಗಳು, ನೋಯಿಸಿದವರೆಲ್ಲ ಪರರು ಎಂದು ಚರಿತ್ರೆ ಎಲ್ಲಿಯೂ ಬರೆದಿಲ್ಲ. 1919ರ ಜಲಿಯನ್‌ವಾಲಾ ಬಾಗ್ ಹತ್ಯಾಕಾಂಡದ ವೇಳೆ ಪಂಜಾಬಿನ ಲೆಫ್ಟಿನೆಂಟ್ ಗವರ್ನರನಾಗಿ ಡಯರನ ಕೃತ್ಯವನ್ನು ಸಮರ್ಥಿಸಿದ ಮೈಕೆಲ್ ಓಡ್ವಯರ್ ಐರಿಷ್ ಕಥೋಲಿಕ. ರಾಣಿಯನ್ನು ಸ್ವಾಗತಿಸಿದ ಕ್ಯಾಶೆಲ್ ಇರುವ ಅದೇ ಟಿಪ್ಪರೇರಿ ಜಿಲ್ಲೆಯವನು. ಅದರ ಮರುವರ್ಷವೇ ಜಲಂಧರದಲ್ಲಿದ್ದ ಐರಿಷ್ ಸಿಪಾಯಿಗಳು ತಮ್ಮ ನಾಡಿನಲ್ಲಿ ನಡೆಯುತ್ತಿದ್ದ ದಬ್ಬಾಳಿಕೆಯನ್ನು ಪ್ರತಿಭಟಿಸಿ ಆಯುಧ ಕೆಳಗಿಟ್ಟರು. ಅವರ ಪ್ರತಿಭಟನೆಗೆ ಕೈಜೋಡಿಸಿದ ಜೇಮ್ಸ್ ಡೇಲಿಯನ್ನು 1920ರ ನವೆಂಬರಿನಲ್ಲಿ ದಗ್‌ಶಾಯ್ ಸೆರೆಮನೆಯಲ್ಲಿ ಗುಂಡಿಕ್ಕಿ ಕೊಂದರು. ಒಂದೇ ಜನಾಂಗ, ಎರಡು ದಾರಿ. 1997ರಲ್ಲಿ ರಾಣಿ ಜಲಿಯನ್‌ವಾಲಾ ಬಾಗಿಗೆ ಬಂದು ಪುಷ್ಪಚಕ್ರವಿಟ್ಟಾಗ ನಮ್ಮ ದೇಶದಲ್ಲಿಯೂ ಇದೇ ಚರ್ಚೆ ನಡೆದಿತ್ತು. 2019ರಲ್ಲಿ ಬ್ರಿಟಿಷ್ ಪ್ರಧಾನಿ ವಿಷಾದ ಸೂಚಿಸಿದರು, ಕ್ಷಮೆ ಕೇಳಲಿಲ್ಲ. ಅದೇ ವರ್ಷ ಕ್ಯಾಂಟರ್ಬರಿಯ ಮಹಾಧರ್ಮಾಧ್ಯಕ್ಷರಾಗಿದ್ದ ಜಸ್ಟಿನ್ ವೆಲ್ಬಿ ಆ ನೆಲದ ಮೇಲೆ ಸಾಷ್ಟಾಂಗ ಬಿದ್ದರು.

ಸ್ವತಂತ್ರ ಐರ್ಲೆಂಡಿನಲ್ಲಿ ಧರ್ಮಸಭೆಯ ಆಶ್ರಯದಲ್ಲಿಯೇ ನಡೆದ ಶಾಲೆಗಳು, ಅನಾಥಾಲಯಗಳು, ಅವಿವಾಹಿತ ತಾಯಂದಿರ ಮನೆಗಳಲ್ಲಿ ಎಳೆಯರಿಗೂ ಅಬಲೆಯರಿಗೂ ಆದ ಅನ್ಯಾಯವನ್ನು 2009ರ ಮತ್ತು 2021ರ ಸರಕಾರಿ ತನಿಖಾ ವರದಿಗಳು ಬಯಲಿಗೆಳೆದವು. 2018ರ ಆಗಸ್ಟಿನಲ್ಲಿ ಡಬ್ಲಿನ್ನಿನ ಫೀನಿಕ್ಸ್ ಪಾರ್ಕಿನಲ್ಲಿ ಜಗದ್ಗುರು ಫ್ರಾನ್ಸಿಸರು ಬಲಿಪೂಜೆಯ ಆರಂಭದಲ್ಲಿಯೇ ಒಂದೊಂದು ತಪ್ಪನ್ನೂ ಹೆಸರಿಸಿ ಕ್ಷಮೆ ಯಾಚಿಸಿದರು. ಅಲ್ಲಿಯೂ ನೊಂದವರು ಕೇಳಿದ್ದು ಅದೇ ಮಾತು: ಕ್ಷಮೆ ಕೇಳಿದಿರಿ, ಕಡತಗಳೆಲ್ಲಿ? ಲಂಡನ್ನಿನ ಸರಕಾರಕ್ಕೆ ನಾವು ಯಾವ ಅಳತೆಗೋಲನ್ನು ಹಿಡಿಯುತ್ತೇವೆಯೋ ಅದೇ ಅಳತೆಗೋಲನ್ನು ನಮ್ಮ ಮನೆಯ ಅಂಗಳಕ್ಕೂ ಹಿಡಿಯಬೇಕು. ಇಲ್ಲವಾದರೆ ನಮ್ಮ ನ್ಯಾಯಪ್ರಜ್ಞೆ ಬರಿಯ ಪಕ್ಷಪಾತವಾಗುತ್ತದೆ.

ಆದುದರಿಂದ ನಮ್ಮ ಅಭಿಪ್ರಾಯವಿಷ್ಟು. ಐರ್ಲೆಂಡ್ ತನ್ನ ಬಾಗಿಲನ್ನು ತೆರೆದದ್ದು ಸರಿ. ಅತಿಥಿಯನ್ನು ಸ್ವಾಗತಿಸುವುದು ಅನ್ಯಾಯವನ್ನು ಮರೆತಂತೆ ಅಲ್ಲ. ಬಾಗಿಲ ಹೊರಗೆ ಫಲಕ ಹಿಡಿದು ನಿಂತವರನ್ನು ದ್ವೇಷಿಗಳೆಂದು ಕರೆದದ್ದು ತಪ್ಪು. ಅವರಲ್ಲಿ ಅನೇಕರು ಕೇಳುತ್ತಿದ್ದದ್ದು ಸೇಡನ್ನಲ್ಲ, ತಮ್ಮವರು ಹೇಗೆ ಸತ್ತರೆಂಬ ಸತ್ಯವನ್ನು. ಸತ್ತವರ ಪರವಾಗಿ ಕ್ಷಮಿಸುವ ಅಧಿಕಾರ ಯಾವ ರಾಷ್ಟ್ರಾಧ್ಯಕ್ಷರಿಗೂ ಯಾವ ಪತ್ರಿಕೆಗೂ ಇಲ್ಲ. ಆ ಅಧಿಕಾರ ನೊಂದವರದು. ಅವರು ಅದನ್ನು ತಮ್ಮ ಕಾಲಕ್ಕೆ, ದೈವಕೃಪೆಯಿಂದ ಬಳಸಲಿ. ಅವಸರಪಡಿಸುವುದು ಕ್ರೈಸ್ತನ ಲಕ್ಷಣವಲ್ಲ. ಅದೇ ರೀತಿ, ಕ್ಷಮೆ ಕೇಳುವವರೆಗೆ ಕೈ ಚಾಚುವುದಿಲ್ಲ ಎಂದು ಹಟ ಹಿಡಿಯುವುದೂ ಲಕ್ಷಣವಲ್ಲ. ಪೋಲಿಹೋದ ಮಗ ಇನ್ನೂ ದೂರದಲ್ಲಿರುವಾಗಲೇ ತಂದೆ ಓಡಿಹೋಗಿ ತಬ್ಬಿಕೊಂಡನೆಂದು ಶುಭಸಂದೇಶದಲ್ಲಿ ಓದುತ್ತೇವೆ. ಆದರೆ ಅಪ್ಪುಗೆಯಲ್ಲಿದ್ದರೂ ಆ ಮಗ ತನ್ನ ತಪ್ಪನ್ನು ಬಾಯಿಬಿಟ್ಟು ಹೇಳಿದನೆಂಬುದನ್ನೂ ಅಲ್ಲಿಯೇ ಓದುತ್ತೇವೆ.

ನಮ್ಮ ಮನೆಗಳಲ್ಲಿಯೂ ಹಳೆಯ ಗಾಯಗಳಿವೆ. ಆಸ್ತಿಯ ಪಾಲಿನಲ್ಲಿ ಮುರಿದ ಅಣ್ಣತಮ್ಮಂದಿರು, ಯಾವುದೋ ಮದುವೆಯ ಮಾತಿನಿಂದ ಬಾಗಿಲು ಮುಚ್ಚಿಕೊಂಡ ಎರಡು ಮನೆಗಳು ಯಾವ ಊರಿನಲ್ಲಿಲ್ಲ? ಹಬ್ಬದ ದಿನ ಒಂದೇ ದೇವಾಲಯದಲ್ಲಿ ಮಂಡಿಯೂರಿ, ಹೊರಬಂದು ಮುಖ ತಿರುಗಿಸಿ ಹೋಗುವವರನ್ನು ನಾವು ಕಂಡಿದ್ದೇವೆ. ಕೆಲವೊಮ್ಮೆ ನಾವೇ ಹಾಗೆ ನಡೆದಿದ್ದೇವೆ. ಅಂಥವರ ನಡುವೆ ಮೊದಲ ಹೆಜ್ಜೆ ಇಡುವವನಿಗೆ ಕ್ಯಾಶೆಲ್ಲಿನ ಆ ಮೇಯರನಷ್ಟೇ ಧೈರ್ಯ ಬೇಕು. ಎರಡನೆಯ ಹೆಜ್ಜೆಗೆ, ಅಂದರೆ ಆದದ್ದನ್ನು ಆದಂತೆಯೇ ಹೇಳಿ ಒಪ್ಪಿಕೊಳ್ಳುವುದಕ್ಕೆ, ಇನ್ನೂ ಹೆಚ್ಚಿನ ಧೈರ್ಯ ಬೇಕು. ಮಕ್ಕಳಿಗೆ ಹಿರಿಯರ ನೋವಿನ ಕಥೆಗಳನ್ನು ಹೇಳೋಣ, ಮುಚ್ಚಿಡುವುದು ಬೇಡ. ಆದರೆ ಹೇಳುವಾಗ ಲೆಕ್ಕ ತಪ್ಪದೆ ಹೇಳೋಣ, ನಮ್ಮವರ ತಪ್ಪನ್ನೂ ಸೇರಿಸಿ ಹೇಳೋಣ. ಕಥೆ ಮುಗಿದ ಮೇಲೆ ಅವರ ಕೈಗೆ ಕಲ್ಲನ್ನು ಕೊಡದೆ, ಒಂದು ಪ್ರಾರ್ಥನೆಯನ್ನು ಕಲಿಸೋಣ. ಡಬ್ಲಿನ್ನಿನ ಕೊಳದ ತಳದಲ್ಲಿ ಮುರಿದ ಆಯುಧಗಳು ಮಲಗಿರುವುದು ಶಿಲುಬೆಯ ಆಕಾರದ ನೀರಿನಲ್ಲಿ ಎಂಬುದನ್ನು ನೆನಪಿಡೋಣ.